ಅಣ್ಣನ ಕೈಯಲ್ಲೊಂದು ತೀರ್ಪು, ನನ್ನ ಕೈಯಲ್ಲೊಂದು ತೀರ್ಪು

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ. ಅಜ್ಜನಿಂದ ಬಂದ 9 ಎಕರೆ ಹೊಲ ಇದೆ. ಅವ್ವ ಮೊದಲೇ ತೀರಿಕೊಂಡಿದ್ದಳು. ಅಪ್ಪ ಹೋದದ್ದು 1996ರಲ್ಲಿ, ಮೃತ್ಯುಪತ್ರ ಬರೆದಿರಲಿಲ್ಲ. ಇಬ್ಬರು ಅಣ್ಣಂದಿರು, ನಾನೊಬ್ಬಳು ಮಗಳು. ನನ್ನ ಮದುವೆ 1991ರಲ್ಲಿ ಆಯಿತು. 1998ರಲ್ಲಿ ಅಣ್ಣಂದಿರು ತಮ್ಮೊಳಗೇ ವಾಟ್ನಿ (ಪಾಲು ಹಂಚಿಕೆ) ಮಾಡಿಕೊಂಡು, ತಾಲ್ಲೂಕು ಕಚೇರಿಗೆ ವರದಿ ಕೊಟ್ಟು, ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಹಚ್ಚಿಸಿಕೊಂಡರು. ಕಳೆದ ವರ್ಷ ನಾನು ಪಾಲಿಗಾಗಿ ದಾವೆ ಹಾಕಿದೆ. ಅಣ್ಣನ ವಕೀಲರು 2016ರ ಹೈಕೋರ್ಟ್ ತೀರ್ಪು ತೋರಿಸಿ 'ಈಕೆಗೆ ಏನೂ ಬರೋದಿಲ್ಲ' ಅನ್ನುತ್ತಾರೆ. ನಮ್ಮ ವಕೀಲರು 2021ರ ಹೈಕೋರ್ಟ್ ತೀರ್ಪು ತೋರಿಸಿ 'ಸಮಪಾಲು ಬರುತ್ತೆ' ಅನ್ನುತ್ತಾರೆ. ಇದರ ನಡುವೆ, ಹೊಲಕ್ಕೆ ಕಾಲಿಟ್ಟರೆಂದು ನನ್ನ ಗಂಡ, ಮಗನ ಮೇಲೆ ಎಫ್‌ಐಆರ್ ಆಗಿದೆ. 'ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿ ಕ್ವಾಶ್ (ರದ್ದು) ಮಾಡಿಸಿ' ಅಂತಾರೆ. ಕಾನೂನು ಮಾಡೋದು ಸಂಸತ್ತು, ವಿಧಾನಸಭೆ ಅಲ್ವಾ? ನ್ಯಾಯಾಧೀಶರು ಬರೆದದ್ದು ಕಾನೂನು ಹೇಗಾಗುತ್ತೆ? ನಮ್ಮ ಚಿಕ್ಕಪ್ಪನ ಮಗಳು ಇದೇ ಕಾರಣಕ್ಕೆ 2017ರಲ್ಲಿ ಕೇಸು ಸೋತಳು. ಅವಳದ್ದನ್ನು ಮತ್ತೆ ತೆರೆಸಬಹುದಾ?

ಉತ್ತರ: ಎರಡೂ ತೀರ್ಪುಗಳ ಪ್ರತಿ ಕಳಿಸಿದ್ದು ಒಳ್ಳೆಯದಾಯಿತು, ಓದಿದೆ. ಮೊದಲು ಹೊಲದ ಲೆಕ್ಕ ಹೇಳಿಬಿಡುತ್ತೇನೆ. ತೀರ್ಪಿನ ಮಾತು ಆಮೇಲೆ.

ಹಳೇ ಕಾನೂನಿನ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಪಾಲು ಇದ್ದದ್ದು ಗಂಡುಮಕ್ಕಳಿಗೆ ಮಾತ್ರ. ಅಪ್ಪ ತೀರಿಕೊಂಡ ಹಿಂದಿನ ಕ್ಷಣ ಪಾಲು ಆಗಿತ್ತು ಅಂತ ಅಂದುಕೊಳ್ಳಬೇಕು. ಅಪ್ಪನಿಗೆ 3 ಎಕರೆ, ಅಣ್ಣಂದಿರಿಗೆ ತಲಾ 3. ಅಪ್ಪನ 3 ಎಕರೆ ಮೂವರು ಮಕ್ಕಳಿಗೂ ಸಮ. ಅಂದರೆ ನಿಮಗೆ 1 ಎಕರೆ. ನಿಮ್ಮನ್ನೂ ಹುಟ್ಟಿನಿಂದ ಪಾಲುಳ್ಳವರು ಅಂತ ಹಿಡಿದರೆ 9 ಎಕರೆ ನಾಲ್ಕು ಪಾಲಾಗುತ್ತದೆ. ನಿಮ್ಮ ಕಾಲು ಪಾಲು, ಅದರ ಜೊತೆ ಅಪ್ಪನ ಕಾಲು ಪಾಲಿನಲ್ಲಿ ಮೂರನೇ ಒಂದು. ಕೂಡಿಸಿದರೆ 3 ಎಕರೆ.

ಅಂದರೆ 'ಏನೂ ಬರೋದಿಲ್ಲ' ಅನ್ನೋದು ಹಳೇ ಕಾನೂನಿನಲ್ಲೂ ಸುಳ್ಳು. ಒಂದು ಎಕರೆಯೋ ಮೂರು ಎಕರೆಯೋ ಅನ್ನುವುದಷ್ಟೇ ನಿಮ್ಮ ಕೇಸಿನ ಜಗಳ. ಆ ನಡುವಿನ ಎರಡು ಎಕರೆಯನ್ನು ಕೊಡೋದೂ ಕಿತ್ತುಕೊಳ್ಳೋದೂ ಈ ತೀರ್ಪುಗಳು. ಈ ಪಾಲಿನ ಬಗ್ಗೆ ಹೇಳುವ ಕಾಯ್ದೆಯ ಕಲಮಿನಲ್ಲಿ (ಸೆಕ್ಷನ್‌ನಲ್ಲಿ) 2005ರ ನಂತರ ಒಂದು ಅಕ್ಷರವೂ ಬದಲಾಗಿಲ್ಲ ಅನ್ನೋದು ನೆನಪಿರಲಿ.

ಆ ಕಲಮು ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇದು. 1956ರ ಕಾಯ್ದೆಗೆ 2005ರಲ್ಲಿ ಸಂಸತ್ತು ತಿದ್ದುಪಡಿ ತಂದಿತು, 9 ಸೆಪ್ಟೆಂಬರ್ 2005ಕ್ಕೆ ಜಾರಿಯಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೂ ಮೊದಲೇ, 30 ಜುಲೈ 1994ರಿಂದ, ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ರಾಜ್ಯದ ತಿದ್ದುಪಡಿ ಇತ್ತು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ನಿಮ್ಮದು 1991ರ ಮದುವೆ, ಹಾಗಾಗಿ ಅದು ನಿಮಗೆ ಸಿಗಲಿಲ್ಲ. ಮೂರು ವರ್ಷ ತಡವಾಗಿ ಮದುವೆಯಾಗಿದ್ದರೆ ಈ ಪತ್ರವನ್ನೇ ಬರೆಯಬೇಕಿರಲಿಲ್ಲವೇನೋ.

2005ರ ಕಲಮಿನಲ್ಲಿ ಒಂದೇ ವಾಕ್ಯದೊಳಗೆ ಎರಡು ಮಾತು ಇವೆ. 'ಈ ತಿದ್ದುಪಡಿ ಜಾರಿಯಾದ ದಿನದಿಂದ' ಅಂತ ಒಂದು. ಮಗಳು ಮಗನ ಹಾಗೆಯೇ 'ಹುಟ್ಟಿನಿಂದ' ಪಾಲುಳ್ಳವಳು ಅಂತ ಇನ್ನೊಂದು. ಮೊದಲನೆಯದನ್ನು ಒತ್ತಿ ಓದಿದರೆ, ಆ ದಿನಕ್ಕೆ ಅಪ್ಪ ಬದುಕಿರಬೇಕಿತ್ತು ಅನ್ನಿಸುತ್ತದೆ. ಎರಡನೆಯದನ್ನು ಒತ್ತಿ ಓದಿದರೆ, ಹುಟ್ಟಿದ್ದೇ ಸಾಕು, ಅಪ್ಪ ಯಾವಾಗ ತೀರಿಕೊಂಡರೇನು ಅನ್ನಿಸುತ್ತದೆ. ಸಂಸತ್ತು ವಾಕ್ಯ ಬರೆದು ಮನೆಗೆ ಹೋಯಿತು. ಯಾವ ಪದವನ್ನು ಒತ್ತಿ ಓದಬೇಕು ಅಂತ ಯಾರಾದರೂ ಹೇಳಲೇಬೇಕಲ್ಲ? ಆ ಕೆಲಸ ಕೋರ್ಟಿನದು. ನ್ಯಾಯಾಧೀಶರು ಬರೆದದ್ದು ಕಾನೂನು ಹೇಗಾಗುತ್ತೆ ಅಂದಿರಿ. ಹೀಗೆ ಆಗುತ್ತದೆ.

ಇದರ ಕಥೆ ನಡೆದದ್ದು ಬಹುಪಾಲು ನಮ್ಮ ಹೈಕೋರ್ಟಿನಲ್ಲೇ. ವಕೀಲರು 'ಫೂಲವತಿ ಕೇಸು' ಅನ್ನುವ ಪ್ರಕರಣದಲ್ಲಿ ಅಪ್ಪ ತೀರಿಕೊಂಡದ್ದು 1988ರಲ್ಲಿ. ಅಪೀಲು ಇನ್ನೂ ಬಾಕಿ ಇದೆ, ಹಾಗಾಗಿ ಹೊಸ ತಿದ್ದುಪಡಿ ಅನ್ವಯಿಸುತ್ತದೆ ಅಂತ ಹೇಳಿ ಕರ್ನಾಟಕ ಹೈಕೋರ್ಟ್ ಮಗಳಿಗೆ ಸಮಪಾಲು ಕೊಟ್ಟಿತು. 'ದಾನಮ್ಮ ಕೇಸಿ'ನಲ್ಲಿ ಅಪ್ಪ ತೀರಿಕೊಂಡದ್ದು 2001ರಲ್ಲಿ. ಅಲ್ಲಿ 2012ರಲ್ಲಿ ಇದೇ ಹೈಕೋರ್ಟ್ ಹೆಣ್ಣುಮಕ್ಕಳಿಗೆ ಪಾಲಿಲ್ಲ ಅಂದಿತು. ಒಂದೇ ಹೈಕೋರ್ಟ್, ಒಂದೇ ಕಲಮು, ಎರಡು ಮನೆಗೆ ಎರಡು ಥರದ ನ್ಯಾಯ. ಎರಡೂ ದೆಹಲಿಗೆ ಹೋದವು. ಅಲ್ಲಿ ಪೂರ್ತಿ ತಲೆಕೆಳಗು. 2015ರಲ್ಲಿ ಸುಪ್ರೀಂ ಕೋರ್ಟ್ ಫೂಲವತಿ ಕೇಸಿನಲ್ಲಿ 9-9-2005ಕ್ಕೆ ಅಪ್ಪನೂ ಮಗಳೂ ಇಬ್ಬರೂ ಬದುಕಿರಬೇಕು ಅಂತ ಹೇಳಿ ಹೈಕೋರ್ಟ್ ಕೊಟ್ಟಿದ್ದನ್ನು ತೆಗೆಯಿತು. 2018ರಲ್ಲಿ ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ, ದಾನಮ್ಮ ಕೇಸಿನಲ್ಲಿ, ಹೈಕೋರ್ಟ್ ನಿರಾಕರಿಸಿದ್ದನ್ನು ಕೊಟ್ಟಿತು. ಎರಡೂ ಇಬ್ಬಿಬ್ಬರು ನ್ಯಾಯಮೂರ್ತಿಗಳ ಪೀಠ. ಮುಂದಿನ ಎರಡು ವರ್ಷ ಕೆಳಗಿನ ಕೋರ್ಟುಗಳ ಪಾಡು ಕೇಳಬೇಡಿ. ಬೆಳಗ್ಗೆ ಒಂದು ಕೇಸಿನಲ್ಲಿ ಫೂಲವತಿ ಹಿಡಿದು ವಾದಿಸಿದ ನಾನೇ, ಮಧ್ಯಾಹ್ನ ಪಕ್ಕದ ಕೋರ್ಟ್ ಹಾಲ್‌ನಲ್ಲಿ ದಾನಮ್ಮ ಹಿಡಿದು ವಾದಿಸಿದ್ದೇನೆ. ಅದು ನಮ್ಮ ಕಸುಬು, ನಾಚಿಕೆಯೇನಿಲ್ಲ.

ಕೊನೆಗೆ 11 ಆಗಸ್ಟ್ 2020ರಂದು ಮೂವರು ನ್ಯಾಯಮೂರ್ತಿಗಳ ಪೀಠ ವಿನೀತಾ ಶರ್ಮಾ ಪ್ರಕರಣದಲ್ಲಿ ಗಂಟು ಬಿಡಿಸಿತು. ಆ ಮೂವರಲ್ಲಿ ಒಬ್ಬರು, ಎಸ್. ಅಬ್ದುಲ್ ನಜೀರ್, ನಮ್ಮ ಹೈಕೋರ್ಟಿನಲ್ಲೇ ವರ್ಷಗಟ್ಟಲೆ ನ್ಯಾಯಮೂರ್ತಿಯಾಗಿದ್ದವರು. ಹಕ್ಕು ಹುಟ್ಟಿನಿಂದ ಬರುವುದು, ಅಪ್ಪ 2005ಕ್ಕೆ ಬದುಕಿರಬೇಕಾಗಿಲ್ಲ ಅಂತ ಪೀಠ ಹೇಳಿತು. ಫೂಲವತಿ ತೀರ್ಪು ಅಲ್ಲಿಗೆ ಮುಗಿಯಿತು.

ಈಗ ನಿಮ್ಮ ಅಣ್ಣನ 2016ರ ತೀರ್ಪು ನೋಡಿ. ಅದರ 14ನೇ ಪ್ಯಾರಾದಲ್ಲಿ ಮಗಳಿಗೆ ಸಮಪಾಲು ಯಾಕಿಲ್ಲ ಅನ್ನಲು ಕೊಟ್ಟಿರುವ ಕಾರಣ ಒಂದೇ: ಫೂಲವತಿ. ಬುಡ ಕಡಿದ ಮೇಲೆ ಕೊಂಬೆಯಲ್ಲಿ ಎಲೆ ಎಷ್ಟು ದಿನ ಹಸಿರಾಗಿರುತ್ತದೆ? ಆ ತೀರ್ಪನ್ನು ಯಾರೂ ಹೆಸರು ಹಿಡಿದು ರದ್ದು ಮಾಡಿಲ್ಲ, ನೆಟ್‌ನಲ್ಲಿ ಹುಡುಕಿದರೆ ಈಗಲೂ ಸಿಗುತ್ತದೆ. ಆದರೂ ಅದರಲ್ಲಿ ಜೀವ ಇಲ್ಲ. ನಿಮ್ಮ ವಕೀಲರು ಕೊಟ್ಟ 2021ರದ್ದು ವಿನೀತಾ ಶರ್ಮಾ ಮೇಲೆ ನಿಂತಿದೆ. ಅದು 'ಹೊಸದು' ಅನ್ನುವ ಕಾರಣಕ್ಕೆ ಗೆಲ್ಲುವುದಲ್ಲ. ಹಳೇ ತೀರ್ಪು ಹೊಸದನ್ನು ಸೋಲಿಸುವ ದಿನಗಳೂ ಇರುತ್ತವೆ. ಹೊಸದನ್ನು ಬರೆದದ್ದು ಒಬ್ಬರೇ ನ್ಯಾಯಮೂರ್ತಿ, ಹಳೆಯದನ್ನು ಬರೆದದ್ದು ಮೂವರು ಅಂದರೆ ಹಳೆಯದೇ ಗಟ್ಟಿ.

ಹೈಕೋರ್ಟಿನೊಳಗಿನ ಮೆಟ್ಟಿಲು ಇಷ್ಟೇ. ಒಬ್ಬರು ಕೂತರೆ ಏಕಸದಸ್ಯ ಪೀಠ, ಇಬ್ಬರು ಕೂತರೆ ವಿಭಾಗೀಯ ಪೀಠ, ಮೂವರು ಅಥವಾ ಜಾಸ್ತಿ ಕೂತರೆ ಪೂರ್ಣ ಪೀಠ. ಸಣ್ಣ ಪೀಠ ದೊಡ್ಡದನ್ನು ಮೀರುವಂತಿಲ್ಲ. ಸಮಾನ ಪೀಠ ಹೇಳಿದ್ದು ಒಪ್ಪಿಗೆಯಾಗದಿದ್ದರೆ ತಾನೇ ಉಲ್ಟಾ ಬರೆಯುವಂತಿಲ್ಲ, ದೊಡ್ಡ ಪೀಠಕ್ಕೆ ಕಳಿಸಬೇಕು. ಸುಪ್ರೀಂ ಕೋರ್ಟ್ ಹೇಳಿದ್ದು ದೇಶಕ್ಕೆಲ್ಲ ಕಾನೂನು ಅಂತ ಸಂವಿಧಾನದ 141ನೇ ವಿಧಿಯೇ ಹೇಳುತ್ತದೆ. ಹೈಕೋರ್ಟಿಗೆ ಅಂಥ ವಿಧಿ ಇಲ್ಲ. ಕೆಳಗಿನ ಕೋರ್ಟುಗಳ ಮೇಲೆ ಅದಕ್ಕಿರುವ ಮೇಲ್ವಿಚಾರಣೆಯಿಂದಲೇ, ಅಂದರೆ 227ನೇ ವಿಧಿಯಿಂದಲೇ, ಅದರ ಮಾತಿಗೆ ಕಟ್ಟುನಿಟ್ಟು ಬಂದಿದೆ. 1962ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿತು. ಹಾಗಾಗಿ ಹಾವೇರಿಯ ನ್ಯಾಯಾಧೀಶರು ಕರ್ನಾಟಕ ಹೈಕೋರ್ಟಿನ ಮಾತನ್ನು ಪಾಲಿಸಲೇಬೇಕು. ಬಾಂಬೆ ಹೈಕೋರ್ಟಿನದ್ದನ್ನು ಗೌರವದಿಂದ ಓದಬಹುದು, ಒಪ್ಪಲೇಬೇಕು ಅಂತಿಲ್ಲ. 1956ಕ್ಕೆ ಮೊದಲು ನಿಮ್ಮ ಊರು ಇದ್ದದ್ದು ಮುಂಬಯಿ ರಾಜ್ಯದಲ್ಲಿ, ಅದಕ್ಕೇ ನಮ್ಮ ಸೀನಿಯರ್ ಆಫೀಸಿನ ಕಪಾಟಿನ ತುಂಬ ಬಾಂಬೆ ಲಾ ರಿಪೋರ್ಟರ್ ಸಂಪುಟಗಳಿದ್ದವು. ಧೂಳು ಒರೆಸುವ ಕೆಲಸ ನನ್ನದಾಗಿತ್ತು.

ಇನ್ನೊಂದು ತಪ್ಪು ತಿಳಿವಳಿಕೆ ಆಗಾಗ ಕೇಳುತ್ತೇನೆ: 'ಇದು ಕಲಬುರಗಿ ಪೀಠದ ತೀರ್ಪು, ನಮಗೆ ನಡೆಯಲ್ಲ.' ನಡೆಯುತ್ತದೆ. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಕೂರುವುದು ಒಂದೇ ಹೈಕೋರ್ಟ್.

ತೀರ್ಪಿನಲ್ಲಿ ಬರೆದಿರುವ ಎಲ್ಲವೂ ಕಾನೂನಲ್ಲ ಅನ್ನೋದು ಇದೆಲ್ಲಕ್ಕಿಂತ ಮುಖ್ಯ. ನಲವತ್ತು ಪುಟದ ತೀರ್ಪಿನಲ್ಲಿ ಕಟ್ಟಿಹಾಕುವ ಮಾತು ಕೆಲವೊಮ್ಮೆ ನಾಲ್ಕೇ ಸಾಲು. ಆ ಕೇಸನ್ನು ಬಗೆಹರಿಸಲು ಯಾವ ಮಾತು ಬೇಕೇಬೇಕಿತ್ತೋ ಅಷ್ಟು. ಉಳಿದದ್ದು ಹೋಗುತ್ತಾ ಹೋಗುತ್ತಾ ಆಡಿದ ಮಾತು. ಹೊಸದಾಗಿ ಕಪ್ಪು ಕೋಟು ಹಾಕಿದವರು ಪುಸ್ತಕದಲ್ಲಿ ತೀರ್ಪಿನ ಮೇಲೆ ಹಾಕಿರುವ ಸಾರಾಂಶ, ಅಂದರೆ ಹೆಡ್‌ನೋಟ್ ಓದಿ 'ಸೈಟೇಶನ್ ಸಿಕ್ತು ಸಾರ್' ಅಂತ ಓಡಿ ಬರುತ್ತಾರೆ. ನಾನೂ ಬಂದವನೇ. ಮೊದಲ ವರ್ಷ ಒಬ್ಬ ಹಿರಿಯ ನ್ಯಾಯಾಧೀಶರ ಮುಂದೆ ಜೆರಾಕ್ಸ್ ಕಟ್ಟು ಇಟ್ಟು ವಾದ ಶುರು ಮಾಡಿದೆ. ಅವರು ಕನ್ನಡಕ ಕೆಳಗಿಳಿಸಿ, 'ಅದರಲ್ಲಿ ಆಸ್ತಿ ಯಾರದ್ರೀ, ಅಪ್ಪನ ಸ್ವಂತದ್ದೋ ಹಿರಿಯರದ್ದೋ?' ಅಂದರು. ನನಗೆ ಗೊತ್ತಿರಲಿಲ್ಲ. ಹೆಡ್‌ನೋಟ್‌ನಲ್ಲಿ ಇರಲಿಲ್ಲ. ಅದು ಅಪ್ಪನ ಸ್ವಂತ ದುಡಿಮೆಯ ಸೈಟು, ನನ್ನ ಕಕ್ಷಿದಾರನದು ಪಿತ್ರಾರ್ಜಿತ ಹೊಲ. ಕಟ್ಟು ಎತ್ತಿಕೊಂಡು ಕೂತೆ.

ಹೆಡ್‌ನೋಟ್‌ಗಿಂತ ಪೇಪರಿನ ತಲೆಬರಹ ಇನ್ನೂ ಮೋಸ. ಮಾರ್ಚ್ 2022ರಲ್ಲಿ ನಮ್ಮ ಹೈಕೋರ್ಟಿನ ಒಂದು ತೀರ್ಪಿನ ಬಗ್ಗೆ 'ಗಂಡ ಮಾಡಿದರೂ ಅತ್ಯಾಚಾರವೇ' ಅಂತ ದೇಶವೆಲ್ಲ ಸುದ್ದಿಯಾಯಿತು. ವೈವಾಹಿಕ ಅತ್ಯಾಚಾರ ಅಪರಾಧವಾಯಿತು ಅಂತ ಸುಮಾರು ಜನ ಅಂದುಕೊಂಡರು. ಆಗಿರಲಿಲ್ಲ. ಒಬ್ಬ ಗಂಡನ ಮೇಲಿದ್ದ ಆ ಆರೋಪವನ್ನು ರದ್ದು ಮಾಡಲು ಕೋರ್ಟ್ ಒಪ್ಪಲಿಲ್ಲ, ಅಷ್ಟೇ. ಗಂಡನಿಗೆ ರಿಯಾಯಿತಿ ಕೊಡುವ ಕಾಯ್ದೆಯ ವಿನಾಯಿತಿ ಹಾಗೇ ಉಳಿಯಿತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆಯನ್ನೂ ಕೊಟ್ಟಿತು. 2024ರಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ವಿನಾಯಿತಿ ಇದೆ.

ಜಾಮೀನು ಆದೇಶಗಳಂತೂ ಕಾನೂನು ಕಲಿಯುವ ಜಾಗವೇ ಅಲ್ಲ. 2020ರಲ್ಲಿ ನಮ್ಮ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ ದೂರು ಕೊಟ್ಟ ಹೆಣ್ಣುಮಗಳ ನಡತೆಯ ಬಗ್ಗೆ ಒಂದು ಸಾಲು ಇತ್ತು. ಭಾರೀ ಟೀಕೆ ಬಂತು. ಕೆಲವೇ ದಿನಗಳಲ್ಲಿ ಆ ಸಾಲನ್ನು ತೆಗೆಯಲಾಯಿತು. ಜಾಮೀನು ಹಾಗೇ ಉಳಿಯಿತು. ಸಾಲು ಹೋದರೂ ಆದೇಶ ನಿಂತಿತು ಅಂದರೆ ಆ ಸಾಲು ಅಲ್ಲಿ ಬೇಕಾಗಿರಲೇ ಇಲ್ಲ ಅಂತಾಯಿತಲ್ಲ.

ಪ್ರಿಂಟ್ ತೆಗೆಯುವವರಿಗೆ ಇನ್ನೊಂದು ಮಾತು. ಈಗ ಕಂಪ್ಯೂಟರಿನ ಎಐ ಅನ್ನು ಕೇಳಿದರೆ ಇಲ್ಲದ ತೀರ್ಪನ್ನೂ ಹುಟ್ಟಿಸಿ ಕೊಡುತ್ತದೆ. 2025ರಲ್ಲಿ ಬೆಂಗಳೂರಿನ ಒಂದು ಸಿವಿಲ್ ಕೋರ್ಟಿನ ಆದೇಶದಲ್ಲೇ ಅಸ್ತಿತ್ವದಲ್ಲಿಲ್ಲದ ತೀರ್ಪುಗಳ ಹೆಸರು ಸೇರಿದ್ದವು. ಹೈಕೋರ್ಟ್ ಅದನ್ನು ಹಿಡಿದು ಕ್ರಮಕ್ಕೆ ಸೂಚಿಸಿತು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಕೋರ್ಟಿನ ಜಾಲತಾಣದಲ್ಲಿ ಕೇಸ್ ನಂಬರ್ ಹಾಕಿ ಒಮ್ಮೆ ನೋಡಿಯೇ ಮುಂದುವರಿಯಿರಿ.

ನಿಮ್ಮ ಚಿಕ್ಕಪ್ಪನ ಮಗಳ ವಿಷಯ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ.

ಸಂಸತ್ತು ಮಾಡಿದ ಕಾನೂನು ಸಾಮಾನ್ಯವಾಗಿ ಅಲ್ಲಿಂದ ಮುಂದಕ್ಕೆ ನಡೆಯುತ್ತದೆ. ತೀರ್ಪು ಹಾಗಲ್ಲ. 'ಇದರ ಅರ್ಥ ಮೊದಲಿನಿಂದಲೂ ಇದೇ ಆಗಿತ್ತು' ಅಂತ ಅದು ಹೇಳುವುದು, ಹಾಗಾಗಿ ಹಿಂದಕ್ಕೂ ನಡೆಯುತ್ತದೆ. ಅದಕ್ಕೇ 2020ರ ತೀರ್ಪು 1996ರ ಸಾವಿಗೂ ಮುಟ್ಟುತ್ತದೆ. ಆದರೆ ಮುಗಿದುಹೋದ ಕೇಸಿನ ಬಾಗಿಲು ಮಾತ್ರ ತೆರೆಯುವುದಿಲ್ಲ. ಆಮೇಲೆ ಬಂದ ಮೇಲಿನ ಕೋರ್ಟಿನ ತೀರ್ಪು ಹಳೇ ತೀರ್ಪನ್ನು ಮರುಪರಿಶೀಲಿಸಲು ಕಾರಣವಾಗದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 47ನೇ ಆದೇಶದಲ್ಲೇ ಬರೆದಿದೆ. ಅವಳು 2017ರಲ್ಲಿ ಸೋತು ಅಪೀಲು ಮಾಡದೆ ಬಿಟ್ಟಿದ್ದರೆ, ಕಾನೂನು ತಪ್ಪಿದ್ದರೂ ಅವಳ ಮಟ್ಟಿಗೆ ತೀರ್ಪು ಸರಿ. ಇದು ನ್ಯಾಯವಾ ಅಂತ ಕೇಳಿದರೆ, ಅವಳಿಗೆ ಅಲ್ಲ. ಆದರೆ ಈ ನಿಯಮ ಇಲ್ಲದಿದ್ದರೆ ನಮ್ಮಜ್ಜನ ಕಾಲದ ಕೇಸೂ ಇವತ್ತು ಬೋರ್ಡಿನಲ್ಲಿ ಇರುತ್ತಿತ್ತು.

ಒಂದು ಕಿಂಡಿ ಇದೆ, ಕೇಳಿ ನೋಡಿ. ಪಾಲಿನ ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿ ಆಗುತ್ತದೆ, ಯಾರಿಗೆ ಎಷ್ಟು ಅಂತ. ಹೊಲದಲ್ಲಿ ಅಳೆದು ಹದ್ದು ಹಾಕಿ ಕೊಡುವುದು ಅಂತಿಮ ಡಿಕ್ರಿಯಲ್ಲಿ. ಅದನ್ನೇ ನಾವು ಎಫ್‌ಡಿಪಿ ಅನ್ನುವುದು. ಅವಳು ಪೂರ್ತಿ ಸೋತಿರದೆ, ಹಳೇ ಲೆಕ್ಕದ ಸಣ್ಣ ಪಾಲು ಸಿಕ್ಕು, ಎಫ್‌ಡಿಪಿ ಇನ್ನೂ ಬಾಕಿ ಇದ್ದರೆ ಪಾಲನ್ನು ತಿದ್ದಿಸಿಕೊಳ್ಳಬಹುದು. ವಿನೀತಾ ಶರ್ಮಾ ತೀರ್ಪೇ ಇದನ್ನು ಹೇಳಿದೆ. ಎಷ್ಟೋ ಜನ 'ಸೋತೆ' ಅಂತ ಹೇಳಿಕೊಂಡು ತಿರುಗುವುದು ಇಂಥ ಅರ್ಧ ಗೆದ್ದ ಕೇಸನ್ನೇ. ಡಿಕ್ರಿ ನಕಲು ತೆಗೆಸಿ ಓದಿಸಿ.

ಇನ್ನು ಕ್ರಿಮಿನಲ್. ಇಲ್ಲಿ ಹೈಕೋರ್ಟಿನ ಕೈ ಬೇರೆ ಥರ ಆಡುತ್ತದೆ.

ಸಿವಿಲ್‌ನಲ್ಲಿ ಕಾಯ್ದೆ ಸುಮ್ಮನಿರುವ ಜಾಗವನ್ನು ಕೋರ್ಟ್ ತುಂಬಬಹುದು. ಕ್ರಿಮಿನಲ್‌ನಲ್ಲಿ ಇಲ್ಲದ ಅಪರಾಧವನ್ನು ಯಾವ ಕೋರ್ಟೂ ಹುಟ್ಟಿಸುವಂತಿಲ್ಲ. ಕೃತ್ಯ ಎಷ್ಟೇ ಹೇಸಿಗೆಯದಾದರೂ ಅಷ್ಟೇ. ತುಮಕೂರು ಜಿಲ್ಲೆಯ ಒಂದು ಕೇಸಿನಲ್ಲಿ ಕೊಲೆಗಾರ ಕೊಂದ ನಂತರ ಶವದ ಮೇಲೆ ಅತ್ಯಾಚಾರ ಮಾಡಿದ್ದ. ಸೆಷನ್ಸ್ ಕೋರ್ಟ್ ಎರಡಕ್ಕೂ ಶಿಕ್ಷೆ ಕೊಟ್ಟಿತ್ತು. ಮೇ 2023ರಲ್ಲಿ ಹೈಕೋರ್ಟ್ ಕೊಲೆಯ ಶಿಕ್ಷೆಯನ್ನು ಎತ್ತಿಹಿಡಿಯಿತು, ಅತ್ಯಾಚಾರದ ಶಿಕ್ಷೆಯನ್ನು ತೆಗೆಯಿತು. ಕಾಯ್ದೆಯಲ್ಲಿ ಹೆಣ್ಣು ಅಂದರೆ ಜೀವ ಇರುವ ಹೆಣ್ಣು, ಶವ ಅಲ್ಲ ಅಂತ ಕಾರಣ. ಕಾಯ್ದೆ ತಿದ್ದಿ ಅಂತ ಕೇಂದ್ರಕ್ಕೆ ಶಿಫಾರಸು ಬರೆಯಿತು. ಓದಿದವರಿಗೆ ಸಿಟ್ಟು ಬಂತು, ನನಗೂ ಬಂತು. ಆದರೆ ನ್ಯಾಯಾಧೀಶರಿಗೆ ಸಿಟ್ಟು ಬಂದಾಗಲೆಲ್ಲ ಹೊಸ ಅಪರಾಧ ಹುಟ್ಟುವಂತಾದರೆ ನಾಳೆ ಆ ಸಿಟ್ಟು ನಿಮ್ಮ ಮಗನ ಮೇಲೂ ಬರಬಹುದು ಅಲ್ವಾ? ಒಂದು ವರ್ಷದ ನಂತರ ಹೊಸ ಸಂಹಿತೆ ಬಂತು, ಆ ಶಿಫಾರಸು ಅದರೊಳಗೆ ಬರಲಿಲ್ಲ.

ಹೈಕೋರ್ಟ್ ಕ್ರಿಮಿನಲ್ ಕಾನೂನನ್ನು ನಿಜವಾಗಿ ತಿದ್ದುವುದು ಪೊಲೀಸ್ ಸ್ಟೇಷನ್, ಮ್ಯಾಜಿಸ್ಟ್ರೇಟ್ ಕೋರ್ಟಿನ ದಿನದಿನದ ಕೆಲಸದಲ್ಲಿ. ಒಂದು ಪದದ ಕಥೆ ಹೇಳುತ್ತೇನೆ. ಇಸ್ಪೀಟು, ಮಟ್ಕಾ, ಬೈಗುಳ, ಇಂಥ ಸಣ್ಣ ಕೇಸುಗಳಲ್ಲಿ ಬಹಳಷ್ಟು ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ನಡೆಯುತ್ತಿದ್ದದ್ದು ಹೇಗೆ? ಪೇದೆ ಒಂದು ಹಾಳೆ ಹಿಡಿದು ಬರುವನು. ಅದರ ಮೂಲೆಯಲ್ಲಿ 'ಪರ್ಮಿಟೆಡ್' ಅಂತ ಒಂದೇ ಪದ, ಕೆಳಗೆ ಸಹಿ. ಅನುಮತಿ ಆಯಿತು. ನಮ್ಮ ಹೈಕೋರ್ಟ್ ವಗ್ಗೆಪ್ಪ ಪ್ರಕರಣದಲ್ಲಿ ಇದಕ್ಕೆ ತಡೆ ಹಾಕಿತು. ಮ್ಯಾಜಿಸ್ಟ್ರೇಟರು ತಲೆ ಓಡಿಸಬೇಕು, ಅನುಮತಿ ಯಾಕೆ ಅಂತ ಆದೇಶದಲ್ಲಿ ಬರೆಯಬೇಕು, ಬರೀ 'ಪರ್ಮಿಟೆಡ್' ಸಾಲದು ಅಂದಿತು. ಕಾಯ್ದೆಯಲ್ಲಿ 'ಅನುಮತಿ' ಅನ್ನುವ ಪದ ಮೊದಲೂ ಇತ್ತು, ಈಗಲೂ ಇದೆ. ಬದಲಾದದ್ದು ಅನುಮತಿ ಅಂದರೆ ಏನು ಅನ್ನುವುದು. ಆಮೇಲೆ ಇದೇ ಒಂದು ತೀರ್ಪಿನ ಮೇಲೆ ಬಿದ್ದುಹೋದ ಕೇಸುಗಳನ್ನು ಲೆಕ್ಕ ಹಾಕುವುದು ಕಷ್ಟ. ಕ್ರಿಮಿನಲ್ ವಕೀಲರು ಅದರ ಹೆಸರನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ.

ನಿಮ್ಮ ಎಫ್‌ಐಆರ್‌ನಲ್ಲಿ ಮೂರು ಕಲಮು ಇವೆ: ನ್ಯಾಯ ಸಂಹಿತೆಯ 329(3), 352, 351(2). ಅತಿಕ್ರಮ ಪ್ರವೇಶ, ಅವಮಾನ, ಬೆದರಿಕೆ. ಹಳಬರಿಗೆ ಅರ್ಥವಾಗಲಿ ಅಂದರೆ ಐಪಿಸಿಯ 447, 504, 506. ಇದರಲ್ಲಿ ಮೊದಲನೆಯದು ಸಂಜ್ಞೇಯ. ಹಾಗಾಗಿ ನಿಮಗೆ 'ಪರ್ಮಿಟೆಡ್' ಅಸ್ತ್ರ ಸಿಗುವುದಿಲ್ಲ. ಅಣ್ಣನಿಗೆ ಯಾರೋ ತಿಳಿದವರೇ ದೂರು ಬರೆದುಕೊಟ್ಟಿದ್ದಾರೆ.

ಕ್ವಾಶ್ ಅಂದರೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 482, ಈಗ ನಾಗರಿಕ ಸುರಕ್ಷಾ ಸಂಹಿತೆಯ 528. ಕೋರ್ಟಿನ ಪ್ರಕ್ರಿಯೆಯ ದುರುಪಯೋಗ ಆಗದಂತೆ ಹೈಕೋರ್ಟ್ ಬಳಸುವ ಅಧಿಕಾರ. ಯಾವಾಗ ಬಳಸಬಹುದು ಅಂತ ಭಜನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಳು ಸಂದರ್ಭ ಪಟ್ಟಿ ಮಾಡಿತು. ದೇಶದ ಯಾವ ಕ್ವಾಶ್ ಅರ್ಜಿ ತೆಗೆದರೂ ಭಜನ್‌ಲಾಲ್ ಹೆಸರು ಇರುತ್ತದೆ. ತಮಾಷೆ ಅಂದರೆ ಆ ಕೇಸಿನಲ್ಲಿ ಹೈಕೋರ್ಟ್ ರದ್ದು ಮಾಡಿದ್ದ ಎಫ್‌ಐಆರ್ ಅನ್ನು ಸುಪ್ರೀಂ ಕೋರ್ಟ್ ಉಳಿಸಿತ್ತು. ದೂರಿನಲ್ಲಿ ಹೇಳಿದ್ದನ್ನೆಲ್ಲ ನಿಜ ಅಂತ ಹಿಡಿದರೂ ಅಪರಾಧ ಆಗುವುದಿಲ್ಲ ಅನ್ನುವುದು ಆ ಪಟ್ಟಿಯಲ್ಲಿ ಮೊದಲನೆಯದು. ಹಗೆ ತೀರಿಸಲು ಹಾಕಿದ ಕೇಸು ಅನ್ನುವುದು ಕೊನೆಯದು.

ಸಿವಿಲ್ ಜಗಳಕ್ಕೆ ಕ್ರಿಮಿನಲ್ ಅಂಗಿ ತೊಡಿಸಬೇಡಿ ಅಂತ ಕೋರ್ಟುಗಳು ಎಷ್ಟೋ ಸಲ ಹೇಳಿವೆ. ನಿಮ್ಮ ದಾವೆ ಬಾಕಿ ಇದೆ, ಎಫ್‌ಐಆರ್ ಆದದ್ದು ಅದರ ನಂತರ, ನೀವೂ ಹೊಲದ ಪಾಲುದಾರರು ಅನ್ನುತ್ತಿದ್ದೀರಿ. ಈ ಮೂರು ಒಳ್ಳೆಯ ಅಂಶ. ಆದರೆ 'ಕೊಡಲಿ ಹಿಡಿದು ಬಂದು ಬೆದರಿಸಿದರು' ಅಂತ ದೂರಿನಲ್ಲಿದೆ, ಅದು ನಿಜವೋ ಸುಳ್ಳೋ ಅಂತ ಧಾರವಾಡದಲ್ಲಿ ಸಾಕ್ಷಿ ಕೇಳುವುದಿಲ್ಲ. ತನಿಖೆಯನ್ನು ಸುಮ್ನೆ ನಿಲ್ಲಿಸಬೇಡಿ, 'ಬಲವಂತದ ಕ್ರಮ ಬೇಡ' ಅಂತ ಕಾರಣ ಬರೆಯದೆ ಆದೇಶ ಕೊಡಬೇಡಿ ಅಂತ 2021ರಲ್ಲಿ ನೀಹಾರಿಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟುಗಳಿಗೇ ಕಿವಿಮಾತು ಹೇಳಿದೆ. ಎಲ್ಲವೂ ಜಾಮೀನು ಸಿಗುವ ಕಲಮುಗಳೇ. ನನ್ನನ್ನು ಕೇಳಿದರೆ ಈಗಲೇ ಧಾರವಾಡಕ್ಕೆ ಓಡಬೇಡಿ. ಜಾಮೀನು ಮಾಡಿಸಿಕೊಂಡು, ದೋಷಾರೋಪ ಪಟ್ಟಿ ಬರುವವರೆಗೆ ನೋಡಿ. ಅದರಲ್ಲಿ ಸಾಕ್ಷಿಗಳಾಗಿ ಅಣ್ಣನ ಮನೆಯವರಷ್ಟೇ ಇದ್ದು, ಕೊಡಲಿ ಎಲ್ಲೂ ಸಿಗದಿದ್ದರೆ ಅರ್ಜಿಗೆ ಬಲ ಜಾಸ್ತಿ. ಅಲ್ಲಿಯವರೆಗೆ ಹೊಲಕ್ಕೆ ಹೋಗುವುದನ್ನು ಬಿಡಿ. ಬೇಕಿದ್ದರೆ ಸಿವಿಲ್ ಕೋರ್ಟಿನಲ್ಲೇ ಹೊಲ ಮಾರದಂತೆ ತಡೆಯಾಜ್ಞೆ ಕೇಳಿ.

ತೀರ್ಪು ಇಷ್ಟವಾಗದಿದ್ದರೆ ಶಾಸನ ಮಾಡುವವರು ಸುಮ್ಮನಿರುತ್ತಾರಾ? ಇರುವುದಿಲ್ಲ. ನಿಮ್ಮ ಕಡೆ ಪಿಟಿಸಿಎಲ್ ಹೆಸರು ಕೇಳದವರಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಪರಭಾರೆಯಾಗಿದ್ದರೆ ವಾಪಸ್ ಕೊಡಿಸುವ 1978ರ ಕಾಯ್ದೆ. ಅರ್ಜಿ ಹಾಕಲು ಅದರಲ್ಲಿ ಕಾಲಮಿತಿ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್, ಮಿತಿ ಇಲ್ಲದಿದ್ದರೂ ಸಮಂಜಸ ಸಮಯದೊಳಗೆ ಬರಬೇಕು ಅಂದಿತು. ಅದನ್ನು ಹಿಡಿದು ಇಲ್ಲಿ ಅರ್ಜಿಗಳು ಒಂದರ ಹಿಂದೊಂದು ಬಿದ್ದವು. ದಲಿತ ಸಂಘಟನೆಗಳು ಬೀದಿಗಿಳಿದವು. 2023ರಲ್ಲಿ ವಿಧಾನಮಂಡಲ ಕಾಯ್ದೆ ತಿದ್ದಿ ಯಾವ ಕಾಲಮಿತಿಯೂ ಇಲ್ಲ ಅಂತ ಬರೆಯಿತು. ಮುಗಿಯಿತು ಅಂದುಕೊಂಡರೆ, ಕಾಲಮಿತಿ ಬೇರೆ, ವಿಪರೀತ ತಡ ಬೇರೆ ಅಂತ 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಚೆಂಡು ಆ ಕಡೆ ಈ ಕಡೆ ಹೋಗುತ್ತಲೇ ಇದೆ. ನಡುವೆ ನಿಂತು ಕಾಯುವವರು ಜಮೀನು ಕಳಕೊಂಡ ಬಡವರು, ಇಪ್ಪತ್ತು ವರ್ಷದ ಹಿಂದೆ ದುಡ್ಡು ಕೊಟ್ಟು ಕೊಂಡ ಇನ್ನೊಬ್ಬ ಬಡವ.

ತಡದ ಮಾತು ನಿಮಗೂ ತಟ್ಟುತ್ತದೆ, ಅದಕ್ಕೇ ಕೊನೆಗೆ ಇಟ್ಟೆ. 1998ರ ವಾಟ್ನಿ ಬಗ್ಗೆ ನನಗೆ ಅಷ್ಟು ಹೆದರಿಕೆಯಿಲ್ಲ. 20 ಡಿಸೆಂಬರ್ 2004ಕ್ಕೆ ಮೊದಲು ನೋಂದಣಿಯಾದ ಪಾಲುಪತ್ರ ಅಥವಾ ಕೋರ್ಟಿನ ಡಿಕ್ರಿ ಇದ್ದರೆ ಮಾತ್ರ ಹಳೇ ಪಾಲು ಉಳಿಯುತ್ತದೆ. ಬಾಯಿಮಾತಿನ ವಾಟ್ನಿಯನ್ನು ತೀರಾ ಅಪರೂಪಕ್ಕೆ, ಗಟ್ಟಿ ಸರ್ಕಾರಿ ದಾಖಲೆಗಳಿದ್ದರೆ ಮಾತ್ರ ಒಪ್ಪಬಹುದು ಅಂತ ವಿನೀತಾ ಶರ್ಮಾ ಹೇಳಿದೆ. ಉತಾರದಲ್ಲಿ ಹೆಸರು ಹಚ್ಚಿದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ಅದು ಕಂದಾಯ ಕಟ್ಟುವವರ ಹೆಸರು. ನನಗೆ ಹೆದರಿಕೆ 12 ವರ್ಷದ್ದು. ಕೂಡುಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟದ್ದು ನಿಮಗೆ ಗೊತ್ತಾದ ದಿನದಿಂದ 12 ವರ್ಷದೊಳಗೆ ದಾವೆ ಹಾಕಬೇಕು ಅಂತ ಕಾಲಮಿತಿ ಕಾಯ್ದೆ ಹೇಳುತ್ತದೆ. ಅಣ್ಣನ ವಕೀಲರು ಇವತ್ತು 2016ರ ತೀರ್ಪು ಹಿಡಿದಿದ್ದಾರೆ. ಅದು ನಡೆಯದು ಅಂತ ಗೊತ್ತಾದ ದಿನ 'ಆಕೆಗೆ 1998ರಲ್ಲೇ ಎಲ್ಲ ಗೊತ್ತಿತ್ತು' ಅಂತ ತಿರುಗುತ್ತಾರೆ. ಯಾವಾಗ ಗೊತ್ತಾಯಿತು ಅನ್ನುವುದು ಸಾಕ್ಷಿಯ ವಿಷಯ. ಅಲ್ಲಿ ಯಾವ ತೀರ್ಪೂ ನಿಮ್ಮನ್ನು ಕಾಪಾಡದು. ಪ್ರತಿ ವರ್ಷ ಜೋಳವೋ ದುಡ್ಡೋ ಕೊಡುತ್ತಿದ್ದರಾ? ಹಬ್ಬಕ್ಕೆ ಕರೆದು 'ನಿನ್ನ ಪಾಲು ಎಲ್ಲಿ ಹೋಗುತ್ತೆ' ಅಂದಿದ್ದರಾ? ಬ್ಯಾಂಕಿಗೆ ಹಾಕಿದ ಚೀಟಿ ಇದ್ದರೂ ತೆಗೆದಿಡಿ.

ಮುಂದಿನ ತಾರೀಖಿಗೆ ಮೊದಲು ತಾಲ್ಲೂಕು ಕಚೇರಿಗೆ ಹೋಗಿ 1998ರ ಆ ವರದಿಯ ದೃಢೀಕೃತ ನಕಲು ತೆಗೆಸಿ. ಹೆಸರು ಹಚ್ಚುವ ಮೊದಲು ವಾರಸುದಾರರಿಗೆ ನೋಟಿಸ್ ಹೊರಟಿದೆಯಾ, ನಿಮ್ಮ ಹೆಸರಿನ ಮುಂದೆ ಸಹಿ ಇದೆಯಾ, ಇದ್ದರೆ ಅದು ನಿಮ್ಮದೇ ಸಹಿಯಾ, ನೋಡಿ. ಸಹಿ ನಿಮ್ಮದೇ ಆಗಿದ್ದರೆ ನನಗೆ ಇನ್ನೊಮ್ಮೆ ಬರೆಯಿರಿ, ಅದಕ್ಕೆ ಬೇರೆಯದೇ ಉತ್ತರ ಬೇಕಾಗುತ್ತದೆ.